ಲಾಂಚೂ ಒಂದು ರಸ್ತೆಯೇ

ಡೊಂಬಿವಲಿಯಲ್ಲಿ ಒಂದು ಲೋಕಲ್ ಗಾಡಿ ರದ್ದಾದರೆ ನಾವು ಗೊಣಗುತ್ತೇವೆ; ಆದರೂ ಮುಂದಿನ ಗಾಡಿ ಬರುತ್ತದೆಂಬ ಭರವಸೆ ನಮಗಿರುತ್ತದೆ. ಶರಾವತಿಯ ಹಿನ್ನೀರಿನ ಆಚೆ ದಡದಲ್ಲಿ ನಿಂತವರಿಗೆ ಆ ಭರವಸೆಯಿಲ್ಲ. ಅಲ್ಲಿ ಲಾಂಚ್ ಕೆಟ್ಟರೆ ರಸ್ತೆಯೇ ಕಡಿದುಹೋದಂತೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ನಾಡಿಗೆ ಬೆಳಕು ಬಂದಿತು. ಸಾಗರ ತಾಲೂಕಿನ ಅನೇಕ ಊರುಗಳ ದಾರಿಗಳು ಮುಳುಗಿದವು. ಮುಂದೆ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಬಸ್ಸು, ಕಾರು, ಅಡಿಕೆಮೂಟೆ, ರೋಗಿ, ಸಿಗಂದೂರಿನ ಯಾತ್ರಿಕ ಎಲ್ಲರನ್ನೂ ದಾಟಿಸಿದ್ದು ಲಾಂಚ್. 2025ರ ಜುಲೈ 14ರಂದು ಅಲ್ಲಿ ಸೇತುವೆ ತೆರೆಯಿತು. ನಾವೂ ಹಿಗ್ಗಿದೆವು. ಆದರೆ ಹಸಿರುಮಕ್ಕಿ, ಮುಪ್ಪಾನೆಗಳ ಕಡವುಗಳನ್ನು ಆ ಸಂಭ್ರಮದಲ್ಲಿ ಮರೆಯುವುದು ನ್ಯಾಯವಲ್ಲ.

'ಹೇಗೂ ಸೇತುವೆ ಬರುತ್ತದೆ, ಹಳೆಯ ಲಾಂಚಿಗೆ ಬದಲಾಗಿ ಹೊಸದೇಕೆ?' ಎನ್ನುವವರುಂಟು. ಈ ವಾದವನ್ನು ನಾವು ಒಪ್ಪಲಾರೆವು. ಸಿಗಂದೂರು ಸೇತುವೆಗೆ ಶಂಕುಸ್ಥಾಪನೆಯಾದದ್ದು 2018ರಲ್ಲಿ. ಜನ ಅದರ ಮೇಲೆ ನಡೆದದ್ದು ಏಳು ವರ್ಷಗಳ ಅನಂತರ. ಆ ಏಳು ವರ್ಷವೂ ಹೊಳೆ ದಾಟಿಸಿದ್ದು ನೀಲನಕ್ಷೆಯಲ್ಲ, ಲಾಂಚು. 2023ರ ಜೂನಿನಲ್ಲಿ ನೀರು ತಳಕ್ಕಿಳಿದಾಗ ಅದಕ್ಕೆ ವಾಹನಗಳನ್ನು ಹತ್ತಿಸುವುದನ್ನೇ ನಿಲ್ಲಿಸಬೇಕಾಯಿತು. ಆದ್ದರಿಂದ ಹೊಸ ಲಾಂಚೆಂದರೆ ಹಳೆಯದರ ಪಡಿಯಚ್ಚು ಆಗಬಾರದು. ಕಡಿಮೆ ನೀರಿನಲ್ಲೂ ತೇಲುವಂಥ ತಳ ಅದಕ್ಕಿರಬೇಕು. ಮುಂದೊಂದು ದಿನ ಸೇತುವೆ ಬಂದರೆ ಲಾಂಚನ್ನು ಬೇರೆ ಕಡವಿಗೆ ಒಯ್ಯಬಹುದು. ಅದಕ್ಕೆ ಹಾಕಿದ ಹಣ ನೀರಿನಲ್ಲಿ ಹೋಮವಾಗದು.

ಕೊನೆಯ ಗಳಿಗೆಯಲ್ಲಿ ಅವಸರಪಟ್ಟರೂ ಫಲವಿಲ್ಲ. ಸ್ಕಾಟ್ಲೆಂಡಿನ ಆರನ್ ದ್ವೀಪಕ್ಕೆಂದು 'ಗ್ಲೆನ್ ಸ್ಯಾನಕ್ಸ್' ಎಂಬ ವಾಹನನೌಕೆಗೆ 2015ರಲ್ಲಿ ಗುತ್ತಿಗೆ ಕೊಟ್ಟರು. 2018ಕ್ಕೆ ಬರಬೇಕಾದದ್ದು ಸೇವೆಗಿಳಿದದ್ದು 2025ರ ಜನವರಿಯಲ್ಲಿ. ವಿನ್ಯಾಸ ಪೂರ್ಣವಾಗುವ ಮೊದಲೇ ಕಟ್ಟಲು ತೊಡಗಿದ್ದು ಆ ವಿಳಂಬದ ಒಂದು ಕಾರಣ. ಹಡಗು ಕಟ್ಟುವುದರಲ್ಲಿ ಪಳಗಿದ ನಾಡಿಗೇ ಹೀಗಾದರೆ, ಯಂತ್ರ ಕೈಕೊಟ್ಟ ಮೇಲೆ ಟೆಂಡರು ಕರೆಯುವವರ ಗತಿಯೇನು?

2021ರ ಒಳನಾಡು ನೌಕೆಗಳ ಕಾಯ್ದೆಯಡಿ ಯಾಂತ್ರಿಕ ನೌಕೆಗೆ ನೋಂದಣಿಯೂ ತಪಾಸಣೆಯ ಪ್ರಮಾಣಪತ್ರವೂ ಬೇಕು. ಆ ಪತ್ರ ಕಡತದಲ್ಲಿದ್ದರೆ ಸಾಲದು. ಪ್ರತಿ ಲಾಂಚಿನ ವಯಸ್ಸು, ತಳ ಪರೀಕ್ಷಿಸಿದ ದಿನ, ಅದನ್ನು ನಿವೃತ್ತಿಗೊಳಿಸುವ ವರ್ಷ, ಈ ಮೂರನ್ನು ದಡದ ಫಲಕದಲ್ಲಿ ಬರೆಯಲಿ. ನಿವೃತ್ತಿಗೆ ಸಾಕಷ್ಟು ಮೊದಲೇ ಬದಲಿ ನೌಕೆಗೆ ಹಣ ತೆಗೆದಿಡಲಿ.

ರಜೆಯಲ್ಲಿ ಊರಿಗೆ ಹೋದಾಗ ಲಾಂಚಿನ ಕಂಬಿ ಹಿಡಿದು ಚಿತ್ರ ತೆಗೆಸಿಕೊಳ್ಳುವ ನಾವು, ಅದರ ತಳ ಹೇಗಿದೆಯೆಂದು ಎಂದಾದರೂ ಕೇಳಿದ್ದೇವೆಯೇ? ನಮಗದು ವರ್ಷಕ್ಕೊಮ್ಮೆಯ ವಿಹಾರ. ಅಲ್ಲಿನ ಶಾಲೆಯ ಮಗುವಿಗೆ ನಿತ್ಯದ ದಾರಿ. ಇನ್ನು ಮುಂದಾದರೂ ಚಿತ್ರದ ಜೊತೆಗೆ ಈ ಪ್ರಶ್ನೆಯನ್ನೂ ಕಳುಹಿಸೋಣ.