ಹಳೆಯ ಓಟದ ಕಾರಿನ ಹೊಸ ಖರ್ಚು

ಸಿರುಗುಪ್ಪದ ಬತ್ತದ ಮಿಲ್ಲಿನ ಯಜಮಾನರೊಬ್ಬರ ಮಗನಿಗೆ, ಬೆಂಗಳೂರಿನಲ್ಲಿ ಮಾರಾಟಕ್ಕಿರುವ ಇಪ್ಪತ್ತು ವರ್ಷದ ಪೋರ್ಷೆ ಬಾಕ್ಸ್‌ಸ್ಟರ್ ಕಾರಿನ ಮೇಲೆ ಮನಸ್ಸಾಗಿದೆಯೆಂದು ಭಾವಿಸಬಹುದು. ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಗೆ ಅದರಲ್ಲಿ ಹೋಗಿಳಿಯಬೇಕೆಂಬ ಆಸೆ ಸಹಜವೇ. ಹೊಸ ಕಾರಿನ ಬೆಲೆಗೆ ಹೋಲಿಸಿದರೆ ಇದು ಅಗ್ಗವೂ ಹೌದು. ಆದರೆ ಅಗ್ಗವಾದದ್ದು ಕಾರು ಮಾತ್ರ. ಅದರ ಬ್ರೇಕು, ಕ್ಲಚ್ಚು, ಟೈರುಗಳು ದುಬಾರಿ ಕಾರಿನವೇ ಆಗಿ ಉಳಿದಿರುತ್ತವೆ.

1997ರಿಂದ 2005ರವರೆಗಿನ ಬಾಕ್ಸ್‌ಸ್ಟರ್ ಇಂಜಿನಿನಲ್ಲಿ, ನಡುದಂಡವನ್ನು ಹೊತ್ತ ಒಂದು ಸಣ್ಣ ಬೇರಿಂಗು ಕುಪ್ರಸಿದ್ಧವಾಗಿದೆ. ಎಲ್ಲ ಕಾರುಗಳಲ್ಲಿಯೂ ಅದು ಕೆಡುವುದಿಲ್ಲ. ಕೆಟ್ಟರೆ ಮಾತ್ರ ಇಂಜಿನ್ನೇ ಹಾಳಾಗಬಹುದು. ಕ್ಲಚ್ಚು ಬದಲಿಸಲು ಗೇರುಪೆಟ್ಟಿಗೆಯನ್ನು ಹೇಗೂ ಇಳಿಸಬೇಕಾಗುವುದರಿಂದ, ಬಲ್ಲವರು ಆಗಲೇ ಇದನ್ನೂ ಬದಲಿಸಿಬಿಡುತ್ತಾರೆ. ಫೆರಾರಿ 355ರ ಪಾಡು ಇನ್ನೂ ಸೊಗಸು! ಅದರ ಟೈಮಿಂಗ್ ಬೆಲ್ಟನ್ನು ಬದಲಿಸಬೇಕಾದರೆ ಇಂಜಿನ್ನನ್ನೇ ಹೊರತೆಗೆಯಬೇಕು.

ಶೆಡ್ಡಿನಲ್ಲಿ ನಿಲ್ಲಿಸಿದರೆ ಖರ್ಚು ನಿಲ್ಲುವುದೆಂದೂ ಇಲ್ಲ. 40 ಡಿಗ್ರಿ ಮೀರುವ ಬಳ್ಳಾರಿಯ ಬೇಸಿಗೆಯಲ್ಲಿ, ಓಡದ ಕಾರಿನ ರಬ್ಬರೂ ಒಣಗಿ ಬಿರಿಯುತ್ತದೆ. ಬಾಕ್ಸ್‌ಸ್ಟರಿನ ರೇಡಿಯೇಟರುಗಳು ಮೂತಿಯ ತಗ್ಗಿನಲ್ಲಿವೆ. ರಸ್ತೆಯ ಧೂಳೂ ಮಿಲ್ಲಿನ ಹೊಟ್ಟೂ ಅಲ್ಲಿ ಸೇರಿಕೊಂಡರೆ ಇಂಜಿನ್ನು ಕಾಯತೊಡಗುತ್ತದೆ. ದಾರಿಯಲ್ಲಿ ನಿಂತ ಕಾರನ್ನು ಲಾರಿಯ ಮೇಲೆ ಹೇರಿ ಬೆಂಗಳೂರಿಗೆ, ಅಂದರೆ 300 ಕಿಲೋಮೀಟರಿಗೂ ಹೆಚ್ಚು ದೂರ, ಸಾಗಿಸಬೇಕಾದೀತು.

ಆದುದರಿಂದ ತಂದೆಯ ಬಳಿ ಬತ್ತದ ಹಣ ಕೇಳುವ ಮುನ್ನ ಮಗನು ಮಾರುವವನ ಬಳಿ ಸರ್ವೀಸ್ ಪುಸ್ತಕವನ್ನು ಕೇಳಬೇಕು. ಆ ಬೇರಿಂಗು ಬದಲಾದ ರಸೀದಿಯನ್ನೂ ಕೇಳಬೇಕು.