ಟಾನಿಕ್ ಬಾಟಲಿಯಲ್ಲಿ ಸಿಗದ ಚೈತನ್ಯ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಕಾರವಾರವೆಂದರೆ ಜಿಲ್ಲಾಧಿಕಾರಿಗಳ ಕಚೇರಿ, ಇಲ್ಲವೇ ಕೋರ್ಟು. ಘಟ್ಟ ಇಳಿಯುವುದು ಕಡತದ ಕೆಲಸಕ್ಕೆ. ಅದು ಮುಗಿದ ಕೂಡಲೇ ಮರಳುವ ಬಸ್ಸು. ಅಣ್ಣ-ತಮ್ಮ ಜೊತೆಯಾಗಿ ಅಲ್ಲಿಗೆ ಹೊರಟರೆಂದರೆ ಹಿಸ್ಸೆಯ ವ್ಯಾಜ್ಯವೇ ಇರಬೇಕೆಂದು ಊರವರು ಊಹಿಸುವುದೂ ಉಂಟು. ಆದರೆ ಅದೇ ಕಾರವಾರದ ನ್ಯಾಯಾಧೀಶರ ಮನೆಗೆ 1880ರ ದಶಕದ ಆರಂಭದಲ್ಲಿ ಒಬ್ಬ ತಮ್ಮ ಯಾವ ವ್ಯಾಜ್ಯವೂ ಇಲ್ಲದೆ ಬಂದು ಕೆಲಕಾಲ ಉಳಿದಿದ್ದ. ಆ ನ್ಯಾಯಾಧೀಶರು ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾದ ಮೊದಲ ಭಾರತೀಯ ಸತ್ಯೇಂದ್ರನಾಥ ಠಾಕೂರರು. ಇಪ್ಪತ್ತರ ಆಸುಪಾಸಿನ ಆ ತಮ್ಮ, ರವೀಂದ್ರನಾಥ ಠಾಕೂರರು.

ರವೀಂದ್ರರು ತಮ್ಮ ಬಾಲ್ಯ-ಯೌವನದ ನೆನಪುಗಳ ಪುಸ್ತಕ ‘ಜೀವನಸ್ಮೃತಿ’ಯಲ್ಲಿ ಕಾರವಾರಕ್ಕೆ ಪ್ರತ್ಯೇಕ ಜಾಗ ಕೊಟ್ಟಿದ್ದಾರೆ. ಒಂದು ಬೆಳದಿಂಗಳ ರಾತ್ರಿ ಮನೆಯವರೊಡನೆ ದೋಣಿಯಲ್ಲಿ ಕಾಳಿ ನದಿಯ ಮೇಲ್ಭಾಗಕ್ಕೆ ಹೋದದ್ದು, ಶಿವಾಜಿಯ ಕಾಲದ ಹಳೆಯ ಕೋಟೆಯ ಬಳಿ ಇಳಿದದ್ದು, ರೈತನೊಬ್ಬನ ಅಂಗಳದಲ್ಲಿ ಊಟ ಮಾಡಿದ್ದು, ಹಿಂದಿರುಗುವಾಗ ಅಳಿವೆಯಲ್ಲಿ ದೋಣಿ ಬಿಟ್ಟು ಗಾಳಿಮರಗಳ ಪಕ್ಕದ ಮರಳಿನ ಮೇಲೆ ನಡೆದೇ ಮನೆ ಸೇರಿದ್ದು ಎಲ್ಲವನ್ನೂ ಬರೆದಿದ್ದಾರೆ. ಅಂದು ನಿದ್ದೆ ಬರಲಿಲ್ಲ, ಕವಿತೆ ಬಂತು. 1884ರಲ್ಲಿ ಪ್ರಕಟವಾದ ‘ಪ್ರಕೃತಿರ್ ಪ್ರತಿಶೋಧ್’ ಎಂಬ ಪದ್ಯನಾಟಕವೂ ಕಾರವಾರದಲ್ಲೇ ಹುಟ್ಟಿತು. ಅದರ ಕೆಲವು ಹಾಡುಗಳನ್ನು ಅವರು ಮರುಪ್ರಯಾಣದ ಹಡಗಿನಲ್ಲಿ ರಚಿಸಿದರು. ಇಂದು ಅಲ್ಲಿನ ಕಡಲತೀರಕ್ಕೆ ಅವರದೇ ಹೆಸರಿದೆ.

ಆರೋಗ್ಯದ ಅಂಕಣದಲ್ಲಿ ಈ ಕಥೆ ಏಕೆ ಎಂದು ಓದುಗರು ಕೇಳಬಹುದು. ಕಾರಣವಿದೆ. ವೈದ್ಯರ ಬಳಿ ಬಂದು “ಎಂತದೋ ಸುಸ್ತು, ಒಂದು ಟಾನಿಕ್ ಬರೆದುಕೊಡಿ” ಎನ್ನುವವರಲ್ಲಿ ನಲವತ್ತು ದಾಟಿದ ಗೃಹಿಣಿಯರು ಬಹಳ. ಮೈಕೈ ನೋವು, ಅರ್ಧ ನಿದ್ದೆ, ಯಾವುದರಲ್ಲೂ ಆಸಕ್ತಿ ಇಲ್ಲ. ಇಂಥವರಿಗೆ ಮೊದಲು ಮಾಡಬೇಕಾದದ್ದು ರಕ್ತಪರೀಕ್ಷೆ. ರಕ್ತಹೀನತೆ, ಥೈರಾಯ್ಡ್ ತೊಂದರೆ, ಸಕ್ಕರೆ ಕಾಯಿಲೆ ಇವೆಯೇ ಎಂದು ನೋಡಬೇಕು, ರಕ್ತದೊತ್ತಡ ಅಳೆಯಬೇಕು. ಎಲ್ಲವೂ ಸರಿಯಾಗಿದ್ದರೆ ಇನ್ನೊಂದು ಪ್ರಶ್ನೆ ಕೇಳಬೇಕಾಗುತ್ತದೆ: “ನಿಮಗಾಗಿ ಎಂದು ನೀವು ಊರು ಬಿಟ್ಟು ಹೋಗಿ ಎಷ್ಟು ಕಾಲವಾಯಿತು?” ಈ ಪ್ರಶ್ನೆಗೆ ಹೆಚ್ಚಿನವರಿಂದ ಬರುವ ಉತ್ತರ ಒಂದು ನಗು ಮಾತ್ರ.

ಹಿಂದೆ ಇದಕ್ಕೊಂದು ವ್ಯವಸ್ಥೆ ಇತ್ತು. ವರ್ಷಕ್ಕೊಮ್ಮೆ ತವರಿಗೆ ಹೋಗುವುದು. ಅಕ್ಕತಂಗಿಯರೆಲ್ಲ ಕೂಡಿ ಮಾತು, ಹಾಡು, ನಗು. ಸಿದ್ದಾಪುರದ ಕಡೆಯ ದೀವರ ಮನೆಗಳಲ್ಲಿ ಹಸೆ ಚಿತ್ತಾರ ಬರೆಯುವಂಥ ಕೆಲಸವೂ ಹೆಂಗಸರು ಒಟ್ಟಿಗೆ ಕುಳಿತಾಗ ಕಳೆಗಟ್ಟುತ್ತಿತ್ತು. ಈಗ ತಂದೆತಾಯಿ ತೀರಿಕೊಂಡರೆ ಅನೇಕರಿಗೆ ತವರು ಮುಗಿದಂತೆಯೇ. ಒಬ್ಬ ತಮ್ಮ ಬೆಂಗಳೂರಿನಲ್ಲಿ, ಇನ್ನೊಬ್ಬ ಅಮೆರಿಕದಲ್ಲಿ. ಒಡಹುಟ್ಟಿದವರು ಸೇರುವುದು ಮದುವೆಗೆ, ವೈಕುಂಠ ಸಮಾರಾಧನೆಗೆ. ಅಲ್ಲೂ ಅಡುಗೆಮನೆಯ ಗದ್ದಲದಲ್ಲಿ ಎರಡು ಮಾತು ಆಡಲು ಪುರುಸೊತ್ತಿಲ್ಲ.

ನನ್ನ ಅಭಿಪ್ರಾಯ ಇಷ್ಟೇ. ಒಡಹುಟ್ಟಿದವರೊಬ್ಬರ ಜೊತೆ ಮೂರು-ನಾಲ್ಕು ದಿನ ಕಡಲತೀರದ ಊರಿಗೆ ಹೋಗಿ ಬರುವುದು ಶೋಕಿಯಲ್ಲ, ಆರೋಗ್ಯದ ಖರ್ಚು. ಸೊರಗಿದ ಮನಸ್ಸಿನಲ್ಲಿ ಮತ್ತೆ ಹಾಡು, ರಂಗೋಲಿ, ಬರವಣಿಗೆ, ತಾಳಮದ್ದಲೆಯ ಅರ್ಥ ಹೇಳುವ ಹುಮ್ಮಸ್ಸು ಮೂಡಲು ಎರಡು ಬೇಕು. ಒಂದು, ಕೆಲಸವಿಲ್ಲದ ಬಿಡುವು. ಇನ್ನೊಂದು, ನಮ್ಮಿಂದ ಏನನ್ನೂ ಬೇಡದ ಸಹವಾಸ.

ಬಿಡುವಿನ ವಿಷಯದಲ್ಲಿ ವಿಜ್ಞಾನ ಒಂದಿಷ್ಟು ಹೇಳುತ್ತದೆ. ನಾವು ಯಾವ ಕೆಲಸದಲ್ಲೂ ತೊಡಗದೆ ಸುಮ್ಮನೆ ಕುಳಿತಾಗ ಮೆದುಳು ನಿದ್ರಿಸುವುದಿಲ್ಲ. ಆಗಲೇ ಅದರ ಕೆಲವು ಭಾಗಗಳು ಹೆಚ್ಚು ಚುರುಕಾಗುತ್ತವೆ. 2001ರಲ್ಲಿ ಅಮೆರಿಕದ ಮಾರ್ಕಸ್ ರೇಕಲ್ ಮತ್ತು ಸಂಗಡಿಗರು ಇದನ್ನು ವಿವರಿಸಿದರು. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 56 ಚಾರಣಿಗರಿಗೆ ಪದಗಳನ್ನು ಜೋಡಿಸುವ ಸೃಜನಶೀಲತೆಯ ಪರೀಕ್ಷೆ ಕೊಟ್ಟರು. ಫೋನ್ ಇಲ್ಲದೆ ಮೂರು ದಿನ ಕಾಡುಮೇಡಿನಲ್ಲಿ ಕಳೆದು ನಾಲ್ಕನೆಯ ದಿನ ಪರೀಕ್ಷೆ ಬರೆದವರು, ಹೊರಡುವ ಮೊದಲೇ ಬರೆದವರಿಗಿಂತ ಶೇಕಡಾ 50ರಷ್ಟು ಹೆಚ್ಚು ಅಂಕ ಪಡೆದರು. ಇದು ಪ್ರಕೃತಿಯ ಗುಣವೋ, ಫೋನ್ ಬಿಟ್ಟದ್ದರ ಗುಣವೋ ಎಂದು ಆ ಅಧ್ಯಯನ ಬೇರ್ಪಡಿಸಿ ಹೇಳಲಿಲ್ಲ. ಆದ್ದರಿಂದ ಎರಡನ್ನೂ ಮಾಡುವುದು ಕ್ಷೇಮ. ಸಮುದ್ರದ ಎದುರು ಕುಳಿತು ವಾಟ್ಸಾಪ್ ನೋಡುತ್ತಿದ್ದರೆ ಘಟ್ಟ ಇಳಿದೂ ಇಳಿಯದಂತೆ.

ಇನ್ನು ಸಹವಾಸ. ಗಂಡ-ಹೆಂಡತಿ, ಮಕ್ಕಳ ಜೊತೆ ಪ್ರವಾಸ ಹೋದರೂ ತಾಯಿಗೆ ಕೆಲಸ ತಪ್ಪುವುದಿಲ್ಲ. ಯಾರ ಬಟ್ಟೆ ಒದ್ದೆ, ಯಾರಿಗೆ ಹಸಿವು ಎಂಬ ಚಿಂತೆ ಜೊತೆಯಲ್ಲೇ ಬರುತ್ತದೆ. ಅಕ್ಕನ ಜೊತೆ ಹಾಗಲ್ಲ. ನಾವು ಯಾರ ಸೊಸೆಯೂ ಯಾರ ತಾಯಿಯೂ ಆಗಿರದ ದಿನಗಳಿಂದ ನಮ್ಮನ್ನು ಬಲ್ಲವಳು ಅವಳು. ಅಮೆರಿಕದ ಹಾರ್ವರ್ಡ್‌ನಲ್ಲಿ 1930ರ ದಶಕದ ಕೊನೆಯಿಂದ ಗಂಡಸರ ಒಂದು ಗುಂಪನ್ನು ದಶಕಗಟ್ಟಲೆ ಗಮನಿಸುತ್ತ ಬಂದರು. 20 ವರ್ಷಕ್ಕೆ ಮೊದಲು ಒಡಹುಟ್ಟಿದವರ ಜೊತೆ ಸಂಬಂಧ ಹಳಸಿದ್ದವರಲ್ಲಿ 50 ವರ್ಷದೊಳಗೆ ತೀವ್ರ ಖಿನ್ನತೆ ಹೆಚ್ಚು ಕಂಡುಬಂತೆಂದು 2007ರಲ್ಲಿ ಪ್ರಕಟವಾಯಿತು. ಒಂದರಿಂದಲೇ ಇನ್ನೊಂದು ಆಯಿತೆಂದು ಇದರಿಂದ ಸಾಬೀತಾಗುವುದಿಲ್ಲ. ಆದರೂ ಈ ಸಂಬಂಧವನ್ನು ನಾವು ಅಗ್ಗವಾಗಿ ಕಾಣಬಾರದು ಎಂಬುದಕ್ಕೆ ಇಷ್ಟು ಸಾಕು.

ರವೀಂದ್ರರ ಆ ನಾಟಕದಲ್ಲಿ ಒಬ್ಬ ಸನ್ಯಾಸಿ ಎಲ್ಲ ಮಮತೆಯನ್ನೂ ಕಡಿದುಕೊಂಡು ಪ್ರಕೃತಿಯನ್ನು ಗೆಲ್ಲಲು ಹೊರಡುತ್ತಾನೆ. ಒಬ್ಬ ಪುಟ್ಟ ಹುಡುಗಿಯ ಪ್ರೀತಿ ಅವನನ್ನು ಲೋಕಕ್ಕೆ ಮರಳಿ ಎಳೆಯುತ್ತದೆ. ಅಣ್ಣನ ಮನೆಯ ಅಕ್ಕರೆಯಲ್ಲಿ ಇದ್ದಾಗ ಬರೆದದ್ದು ಇದು. ಸಂಸಾರ ಸಾಕೆಂದು ಓಡಿಹೋಗುವ ಪ್ರಯಾಣ ನಾನು ಹೇಳುತ್ತಿರುವುದಲ್ಲ. ಸಡಿಲವಾದ ಒಂದು ನಂಟನ್ನು ಮತ್ತೆ ಬಿಗಿ ಮಾಡಿಕೊಳ್ಳುವ ಪ್ರಯಾಣ.

ಹೊರಡುವವರಿಗೆ ಕೆಲವು ಸೂಚನೆಗಳು. ಕೊನೆಕೊಯ್ಲು ಮುಗಿಸಿ ಹೊರಟರೆ ಮನಸ್ಸು ತೋಟದಲ್ಲಿ ಉಳಿಯುವುದಿಲ್ಲ. ದೇವಿಮನೆ ಅಥವಾ ಅರಬೈಲ್ ಘಟ್ಟದಲ್ಲಿ ವಾಂತಿ ಬರುವವರು ಹಗುರ ತಿಂಡಿ ತಿಂದು ಮುಂದಿನ ಸೀಟಿನಲ್ಲಿ ಕುಳಿತು ದೂರದ ರಸ್ತೆ ನೋಡಬೇಕು. ಮಾತ್ರೆ ಬೇಕಿದ್ದರೆ ವೈದ್ಯರನ್ನು ಕೇಳಿ ಹೊರಡುವ ಮೊದಲೇ ನುಂಗಬೇಕು. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳಿಗೆ ರಜೆ ಇಲ್ಲ. ಕರಾವಳಿಯ ಸೆಕೆಗೆ ಬೆವರು ಹೆಚ್ಚು. ನೀರು, ಮಜ್ಜಿಗೆ ಧಾರಾಳವಾಗಿ ಕುಡಿಯಿರಿ, ನಡಿಗೆ ಬೆಳಿಗ್ಗೆ ಮತ್ತು ಸಂಜೆ ಇರಲಿ. ಮಳೆಗಾಲದ ಸಮುದ್ರಕ್ಕೆ ಇಳಿಯಲೇಬೇಡಿ. ಉಳಿದ ಕಾಲದಲ್ಲೂ ಜೀವರಕ್ಷಕರ ಮಾತು ಮೀರಬೇಡಿ. ಹಿಸ್ಸೆ, ಸಾಲ, ಮಕ್ಕಳ ಮಾರ್ಕ್ಸ್ ಈ ಮೂರು ವಿಷಯ ಘಟ್ಟದ ಮೇಲೆಯೇ ಇರಲಿ. ಒಂದು ನೋಟ್‌ಬುಕ್ ಜೊತೆಗಿರಲಿ; ಬರೆದರೆ ಸರಿ, ಬರೆಯದಿದ್ದರೂ ಸರಿ.

ಒಂದು ಎಚ್ಚರಿಕೆ. ಪ್ರವಾಸದ ಉಲ್ಲಾಸ ಮನೆಗೆ ಬಂದ ಒಂದೆರಡು ವಾರಗಳಲ್ಲಿ ಇಳಿಯುತ್ತದೆ. ಹಾಗಾಗಿ ಅಲ್ಲಿ ಶುರುವಾದ ಹಾಡು, ಬರವಣಿಗೆ, ಅಕ್ಕನ ಜೊತೆಗಿನ ಮಾತು ವಾರಕ್ಕೊಮ್ಮೆಯಾದರೂ ಮುಂದುವರಿಯಬೇಕು. ಬೇಸರ, ನಿರಾಸಕ್ತಿ, ನಿದ್ರಾಹೀನತೆ ಎರಡು ವಾರ ಮೀರಿ ಉಳಿದರೆ, ಬದುಕೇ ಬೇಡವೆನಿಸಿದರೆ, ಅದು ಖಿನ್ನತೆ ಇರಬಹುದು. ಅದಕ್ಕೆ ಸಮುದ್ರ ಮದ್ದಲ್ಲ. ತಡಮಾಡದೆ ವೈದ್ಯರನ್ನು ಕಾಣಬೇಕು. ಸರಕಾರದ ಟೆಲಿ-ಮಾನಸ್ ದೂರವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಕೊನೆಯ ಮಾತು ಮನೆಯ ಉಳಿದವರಿಗೆ. ಆಕೆ ಹೊರಡದಿರಲು ಕಾರಣ ಬಸ್ ಚಾರ್ಜು ಅಲ್ಲ. ಕೊಟ್ಟಿಗೆಯ ದನಕ್ಕೆ ಹುಲ್ಲು ಹಾಕುವವರು ಯಾರು, ವಯಸ್ಸಾದ ಅತ್ತೆಗೆ ಮಾತ್ರೆ ಕೊಡುವವರು ಯಾರು ಎಂಬುದು. ನಾಲ್ಕು ದಿನ ಈ ಎರಡು ಕೆಲಸ ನಾವು ಮಾಡುತ್ತೇವೆಂದು ಗಂಡ, ಮಕ್ಕಳು ಒಪ್ಪಿದರೆ ಆಕೆಯೇ ಅಕ್ಕನಿಗೆ ಫೋನ್ ಮಾಡಿಯಾಳು. ಹೊರಡುವ ದಿನ ಮಾತ್ರೆಯ ಪಟ್ಟಿಯನ್ನು ಗೋಡೆಗೆ ಅಂಟಿಸಿ ಹೋಗಲು ಹೇಳಿ. ಅತ್ತೆಯ ಮಾತ್ರೆಯ ವಿಷಯದಲ್ಲಿ ಆಕೆಗೂ ನಿಶ್ಚಿಂತೆ, ನಿಮಗೂ ಗೊಂದಲವಿಲ್ಲ.