ಕಂತಿನ ಹಿಂದೆ ನೆರೆಯವನ ಮುಖವಿದೆ

2025ರ ಜನವರಿಯಲ್ಲಿ ರಾಜ್ಯದ ಹಲವು ಜಿಲ್ಲೆಗಳಿಂದ ಒಂದೇ ಬಗೆಯ ಸುದ್ದಿಗಳು ಬಂದವು. ಕಿರುಸಾಲದ ಕಂತು ವಸೂಲಿಗೆ ಬರುವವರ ಕಾಟ ತಾಳಲಾರದೆ ಕುಟುಂಬಗಳು ಮನೆಗೆ ಬೀಗ ಜಡಿದು ಊರು ತೊರೆದವು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಫೆಬ್ರವರಿಯಲ್ಲಿ ಸರಕಾರವು ಸುಗ್ರೀವಾಜ್ಞೆ ಹೊರಡಿಸಿ, ಬಲವಂತದ ವಸೂಲಿಗೆ 10 ವರ್ಷಗಳವರೆಗಿನ ಸೆರೆವಾಸ ಮತ್ತು 5 ಲಕ್ಷ ರೂಪಾಯಿವರೆಗಿನ ದಂಡವನ್ನು ವಿಧಿಸಿತು. ಅದು ಸ್ವಾಗತಾರ್ಹ ಕ್ರಮವೇ. ಆದರೆ ಕಾನೂನು ಮಾತನಾಡುವುದು ಬಾಗಿಲು ಬಡಿದವನ ಬಗ್ಗೆ ಮಾತ್ರ. ಆ ಬಾಗಿಲಿನವರೆಗೆ ಸಾಲ ಬಂದದ್ದು ಹೇಗೆ? ಬಡವನಿಗೆ ಬೇರೆ ದಾರಿ ಇರಲಿಲ್ಲವೇ?

ಇತ್ತು. ಆ ದಾರಿಯನ್ನು ಕಡಿದವರೂ ಈ ನೆಲದವರೇ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷವೇ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘವೊಂದನ್ನು ಕಟ್ಟಿದರು. ಜರ್ಮನಿಯ ಹೆಡ್ಡೆಸ್‌ಡಾರ್ಫ್‌ನಲ್ಲಿ ರೈಫೈಸನ್ ಅವರು 1864ರಲ್ಲಿ ಮಾಡಿದ್ದೂ ಇದನ್ನೇ. ಊರಿನ ಹಣ ಊರಿನವರ ಕೈಯಲ್ಲೇ ಒಟ್ಟಾಗಲಿ, ಸಾಲ ಕೊಡುವವನಿಗೆ ಸಾಲ ಕೇಳುವವನ ಮುಖಪರಿಚಯವಿರಲಿ ಎಂಬುದು ಇಬ್ಬರ ಚಿಂತನೆಯೂ ಆಗಿತ್ತು. ಲೇವಾದೇವಿದಾರನ ಹಿಡಿತದಿಂದ ರೈತನನ್ನು ಬಿಡಿಸಲು ಅವರು ಕಂಡುಕೊಂಡ ಉಪಾಯ ಇಷ್ಟು ಸರಳ.

ಸಹಕಾರಿ ಸಂಘದಲ್ಲಿ ನಾವು ಪಡೆಯುವ ಸಾಲ ಯಾವುದೋ ದೂರದ ಧನಿಕನ ಗಂಟಲ್ಲ. ಬೀಡಿ ಕಟ್ಟುವ ತಾಯಿ ಮಗಳ ಮದುವೆಗೆಂದು ಇಟ್ಟ ಠೇವಣಿ ಅದು. ಆಟೋ ಚಾಲಕನ ಪಿಗ್ಮಿ ಉಳಿತಾಯ ಅದು. ಬ್ಯಾಂಕಿನ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯ ರಕ್ಷಣೆಯಿದೆ, ಸಹಕಾರಿ ಬ್ಯಾಂಕುಗಳಿಗೂ ಇದೆ. ಆದರೆ ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಆ ರಕ್ಷಣೆಯಿಲ್ಲ. ಆದ್ದರಿಂದ ಇಲ್ಲಿ ಒಬ್ಬ ಬೇಕೆಂದೇ ಕಂತು ತಪ್ಪಿಸಿದರೆ ಅದರ ಹೊರೆ ನೇರವಾಗಿ ಬೀಳುವುದು ಅದೇ ಬೀದಿಯ ಇನ್ನೊಬ್ಬನ ಮೇಲೆ. "ಸಂಘದ ದುಡ್ಡು ತಾನೇ" ಎಂಬ ಉಡಾಫೆಯ ಮಾತು ನಮ್ಮ ಊರುಗಳಲ್ಲಿ ಆಗಾಗ ಕೇಳಿಬರುತ್ತದೆ. ಸಂಘದ ದುಡ್ಡು ಎಂಬುದು ಎಲ್ಲಿದೆ? ಇರುವುದು ನೆರೆಯವನ ದುಡ್ಡು ಮಾತ್ರ.

ಬಡ್ಡಿಯ ಕುರಿತ ನಮ್ಮ ನಿಲುವು ಓದುಗರಿಗೆ ಹೊಸತಲ್ಲ. ಬಡ್ಡಿರಹಿತ ಸಂಘಗಳು ಊರೂರಲ್ಲಿ ಬೆಳೆಯಬೇಕೆಂಬುದೇ ನಮ್ಮ ಆಶಯ. ಆದರೆ ಇಂದು ಸಾಲದ ಪತ್ರಕ್ಕೆ ಸಹಿ ಹಾಕುತ್ತಿರುವ ಸಾವಿರಾರು ಮಂದಿ ತಾವು ಏನನ್ನು ಒಪ್ಪಿಕೊಳ್ಳುತ್ತಿದ್ದೇವೆಂದು ಅರಿಯದೆಯೇ ಸಹಿ ಹಾಕುತ್ತಿದ್ದಾರೆ. ಅದರ ಬಗ್ಗೆ ಮೌನವಾಗಿರುವುದು ಸರಿಯಲ್ಲ.

ಒಂದು ಲೆಕ್ಕವನ್ನು ನೋಡೋಣ. ಶೇ. 12ರ ಬಡ್ಡಿಗೆ 1 ಲಕ್ಷ ರೂಪಾಯಿಯನ್ನು 24 ಕಂತುಗಳಲ್ಲಿ ಮರಳಿಸುವ ಸಾಲ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕಿದರೆ ತಿಂಗಳ ಕಂತು ಸುಮಾರು 4,707 ರೂಪಾಯಿ, ಒಟ್ಟು ಬಡ್ಡಿ ಸುಮಾರು 12,976 ರೂಪಾಯಿ. ಅದೇ ಬಡ್ಡಿಯನ್ನು ಮೊದಲ ದಿನದ ಮೊತ್ತದ ಮೇಲೆಯೇ ಕೊನೆಯವರೆಗೂ ಹಾಕಿದರೆ ಕಂತು 5,167 ರೂಪಾಯಿ, ಬಡ್ಡಿ 24,000 ರೂಪಾಯಿ. ಎರಡೂ ಕಡೆ ಬಾಯಲ್ಲಿ ಹೇಳುವುದು ಶೇ. 12 ಎಂದೇ! ಎರಡನೆಯ ಲೆಕ್ಕದಲ್ಲಿ ಬಡ್ಡಿಯ ನಿಜವಾದ ದರ ವರ್ಷಕ್ಕೆ ಶೇ. 21ನ್ನು ಮೀರುತ್ತದೆ. ಇದರ ಜೊತೆಗೆ ಪಾಲು ಬಂಡವಾಳ, ಸೇವಾಶುಲ್ಕ, ವಿಮೆ ಎಂದು ಮುರಿದುಕೊಂಡು 95 ಸಾವಿರ ಕೈಗಿತ್ತರೂ ಬಡ್ಡಿ ಲೆಕ್ಕವಾಗುವುದು ಇಡೀ ಲಕ್ಷಕ್ಕೆ. ಕೈಗೆ ಬರುವುದೆಷ್ಟು, ಒಟ್ಟು ಕಟ್ಟಬೇಕಾದದ್ದೆಷ್ಟು ಎಂಬ ಎರಡೇ ಪ್ರಶ್ನೆಗಳನ್ನು ಸಹಿ ಹಾಕುವ ಮುನ್ನ ಕೇಳಿದರೆ ಅರ್ಧ ಮೋಸ ಅಲ್ಲಿಗೇ ನಿಲ್ಲುತ್ತದೆ.

ಸಾಲದ ವ್ಯವಹಾರವನ್ನು ಅವಧಿ ಸಹಿತ ಬರೆದಿಡಬೇಕೆಂದು ಕುರ್‌ಆನ್ ಆದೇಶಿಸುತ್ತದೆ. ಮಾತ್ರವಲ್ಲ, ಅದನ್ನು ಹೇಳಿ ಬರೆಸುವ ಹೊಣೆಯನ್ನು ಅದು ವಹಿಸಿರುವುದು ಸಾಲ ಪಡೆಯುವವನಿಗೆ. ತನ್ನ ಹೊಣೆ ಏನೆಂದು ತಿಳಿದವನೇ ಅದನ್ನು ಹೇಳಿ ಬರೆಸಬಲ್ಲ. ಖಾಲಿ ಪತ್ರಕ್ಕೂ ಖಾಲಿ ಚೆಕ್ಕಿಗೂ ಸಹಿ ಹಾಕಿ ಕೊಡುವ ನಮ್ಮ ಅಭ್ಯಾಸ ಎಲ್ಲಿ, ಈ ಶಿಕ್ಷಣ ಎಲ್ಲಿ?

ಇನ್ನು ಜಾಮೀನುದಾರನ ಸ್ಥಿತಿ. ಸ್ನೇಹದ ದಾಕ್ಷಿಣ್ಯಕ್ಕೆ ಸಹಿ ಹಾಕಿದ ಈತ ತಾನು ಕೇವಲ ಸಾಕ್ಷಿಯೆಂದು ಭಾವಿಸಿರುತ್ತಾನೆ. 1872ರ ಕರಾರು ಕಾಯಿದೆಯ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಹೇಳಿರದಿದ್ದರೆ, ಆತನ ಹೊಣೆ ಸಾಲಗಾರನ ಹೊಣೆಯಷ್ಟೇ ಇದೆ. ಸಾಲಗಾರ ಊರು ಬಿಟ್ಟರೆ ಸಂಘವು ಬರುವುದು ಇವನ ಸಂಬಳದ ಬಾಗಿಲಿಗೆ. ಹೀಗೆ ಮುರಿದ ಗೆಳೆತನಗಳೆಷ್ಟು, ಮಾತು ನಿಂತುಹೋದ ಅಣ್ಣ-ತಮ್ಮಂದಿರೆಷ್ಟು! ಜಾಮೀನು ಕೇಳುವವನು ತನ್ನ ಇತರ ಸಾಲಗಳನ್ನೂ ತೆರೆದು ಹೇಳಬೇಕು. ಅದನ್ನು ಮರೆಮಾಚುವುದು ವಂಚನೆಯೇ ಸರಿ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಕಾಯಿಲೆ, ಅಪಘಾತ, ಕೆಲಸ ಹೋಗುವುದು ಮುಂತಾದವು ಯಾರನ್ನೂ ಬಿಟ್ಟಿಲ್ಲ. ಕಂತು ತಪ್ಪುವ ಸೂಚನೆ ಕಂಡಾಗ ನಮ್ಮವರು ಮಾಡುವ ಮೊದಲ ಕೆಲಸ ಫೋನ್ ಎತ್ತದಿರುವುದು. ಎರಡನೆಯದು, ಈ ಕಂತನ್ನು ತುಂಬಲು ಇನ್ನೊಂದು ಕಡೆ ಸಾಲ ಎತ್ತುವುದು. ಎರಡೂ ಹೊಂಡವನ್ನು ಆಳಗೊಳಿಸುತ್ತವೆ. ಸಾಮಾನ್ಯವಾಗಿ ಕಟ್ಟಿದ ಹಣ ಮೊದಲು ದಂಡಬಡ್ಡಿಗೆ, ಅನಂತರ ಬಡ್ಡಿಗೆ, ಕೊನೆಗೆ ಅಸಲಿಗೆ ಜಮೆಯಾಗುತ್ತದೆ. ಹಾಗಾಗಿ ತಡವಾದಷ್ಟೂ ಬೆವರಿನ ಹಣ ಅಸಲನ್ನು ಮುಟ್ಟುವುದೇ ಇಲ್ಲ. ಕಂತಿನ ದಿನಕ್ಕೆ ಮುಂಚೆಯೇ ಸಂಘಕ್ಕೆ ಹೋಗಿ, ಲಿಖಿತವಾಗಿ ಕಷ್ಟವನ್ನು ತಿಳಿಸಿ, ಅವಧಿ ವಿಸ್ತರಣೆ ಕೇಳುವುದರಲ್ಲಿ ಅವಮಾನವೇನಿದೆ? ಸಹಕಾರಿ ಸಂಘಗಳ ಕೃಷಿ ಸಾಲದಲ್ಲಂತೂ ದಿನಾಂಕಕ್ಕೆ ಇನ್ನಷ್ಟು ಬೆಲೆಯಿದೆ. ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು 2023ರ ಬಜೆಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತಾದರೂ, ಗಡುವು ತಪ್ಪಿದರೆ ಆ ರಿಯಾಯಿತಿ ಕೈತಪ್ಪುತ್ತದೆ.

ಹೊಣೆ ಸಾಲಗಾರನದ್ದು ಮಾತ್ರವೇ? ಖಂಡಿತ ಅಲ್ಲ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ದಡದಲ್ಲಿ ಕೈಕಟ್ಟಿ ಕುಳಿತ ದೋಣಿಯ ಕಾರ್ಮಿಕನಿಂದ ಆ ಎರಡು ತಿಂಗಳೂ ಅದೇ ಕಂತನ್ನು ನಿರೀಕ್ಷಿಸುವ ಸಂಘವು ತನ್ನ ಊರನ್ನೇ ಅರಿತಿಲ್ಲ ಎನ್ನಬೇಕಾಗುತ್ತದೆ. ಸದಸ್ಯನ ಮುಖಪರಿಚಯವಿಲ್ಲದಿದ್ದರೆ ಸಹಕಾರಿ ಸಂಘಕ್ಕೂ ಬಡ್ಡಿ ವ್ಯಾಪಾರಿಗೂ ಏನು ವ್ಯತ್ಯಾಸ? ಸಾಲಗಾರನು ಇಕ್ಕಟ್ಟಿನಲ್ಲಿದ್ದರೆ ಅನುಕೂಲವಾಗುವವರೆಗೆ ಅವಕಾಶ ಕೊಡಬೇಕೆಂಬುದೂ ಅದೇ ಕುರ್‌ಆನಿನ ನಿರ್ದೇಶ. ಬಡ ಸದಸ್ಯನ ಎರಡು ಕಂತು ತಪ್ಪಿದರೆ ನೋಟೀಸು ಕಳಿಸುವ ಆಡಳಿತ ಮಂಡಳಿ, ಪ್ರಭಾವಿಗಳ ಸುಸ್ತಿ ಸಾಲವನ್ನು ಹೊಸ ಸಾಲದ ಕಾಗದದಲ್ಲಿ ಮುಚ್ಚಿಹಾಕುವುದಾದರೆ ಅದು ಠೇವಣಿದಾರರಿಗೆ ಬಗೆಯುವ ದ್ರೋಹ. ಇದನ್ನು ಕೇಳುವ ಹಕ್ಕು ವಾರ್ಷಿಕ ಮಹಾಸಭೆಯಲ್ಲಿ ಪ್ರತಿ ಸದಸ್ಯನಿಗೂ ಇದೆ. ಆದರೆ ಮಹಾಸಭೆಗೆ ನಾವು ಹೋಗುವುದು ಲೆಕ್ಕ ಕೇಳಲಿಕ್ಕೋ, ಊಟ ಮಾಡಿ ಬರಲಿಕ್ಕೋ?

ಜಮಾಅತ್‌ಗಳಿಗೂ ಇಲ್ಲಿ ಕೆಲಸವಿದೆ. ಮದುವೆಯ ಆಡಂಬರಕ್ಕಾಗಿ ಎತ್ತಿದ ಸಾಲದ ಕಂತು ಮಗು ಹುಟ್ಟಿ ಶಾಲೆಗೆ ಸೇರಿದ ಮೇಲೂ ಮುಗಿದಿರುವುದಿಲ್ಲ. ಹೊಲಿಗೆ ಯಂತ್ರಕ್ಕೆ, ಚಿಕಿತ್ಸೆಗೆ, ಓದಿಗೆ ಪಡೆದ ಸಾಲವನ್ನೂ ಒಂದು ದಿನದ ಚಪ್ಪರಕ್ಕೆ ಪಡೆದ ಸಾಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಸಾಲಪತ್ರವನ್ನು ಓದಿ ಹೇಳಬಲ್ಲ ಇಬ್ಬರು ವಿದ್ಯಾವಂತ ಯುವಕರನ್ನು ಪ್ರತಿ ಮೊಹಲ್ಲಾದಲ್ಲಿ ಗೊತ್ತುಪಡಿಸುವುದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಸಾಲ ಪಾಪವಲ್ಲ; ಅದೊಂದು ಅಮಾನತ್ತು. ಪಡೆದವನು ಅದನ್ನು ನೆರೆಯವನ ಹಣವೆಂದು ಕಾಣಲಿ. ಕೊಟ್ಟವರು ಪಡೆದವನನ್ನು ನೆರೆಯವನೆಂದು ಕಾಣಲಿ. ಈ ಎರಡೂ ನೋಟಗಳು ಮಸುಕಾದ ಊರಿನಲ್ಲಿ ಬಾಗಿಲಿಗೆ ಬೀಗ ಬೀಳುವುದನ್ನು ಯಾವ ಕಾನೂನೂ ತಡೆಯಲಾರದು.